ಬಯಾಸ್ ಅಪ್ಡೇಟ್ ಆದ ಮೇಲೆ ಕಂಪ್ಯೂಟರ್ ಹ್ಯಾಂಗ್ ಆಗ್ತಿದೆಯಾ? ಹಳೇ ವರ್ಷನ್‌ಗೆ ವಾಪಸ್ ಹೋಗುವ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಕಂಪ್ಯೂಟರ್ ರಿಪೇರಿ ಮಾಡುವ ಯಾರನ್ನಾದರೂ ಕೇಳಿ ನೋಡಿ, ಈ ದೂರು ಅವರಿಗೆ ಹೊಸದಲ್ಲ: "ಸರ್ರ, ನಾ ಏನೂ ಮಾಡಿಲ್ರಿ, ತಾನೇ ಅಪ್ಡೇಟ್ ಆಯ್ತ್ರಿ, ಆವಾಗಿಂದ ಹ್ಯಾಂಗ್ ಆಗ್ಲತ್ತದ್ರಿ." ಗಿರಾಕಿಗಳು ಹೇಳುವುದು ನಿಜವೇ ಇರುತ್ತದೆ. ಬಯಾಸ್ ಅಂದರೆ ಆನ್ ಮಾಡಿದ ಕೂಡಲೇ, ವಿಂಡೋಸ್‌ಗೂ ಮುಂಚೆ ಓಡುವ ಸಾಫ್ಟ್‌ವೇರ್. ಈಗಿನ ಲ್ಯಾಪ್‌ಟಾಪ್‌ಗಳಿಗೆ ಬಯಾಸ್ ಅಪ್ಡೇಟ್ ವಿಂಡೋಸ್ ಅಪ್ಡೇಟ್ ಜೊತೆಗೇ ಬರುತ್ತದೆ. ಪಟ್ಟಿಯಲ್ಲಿ ಫರ್ಮ್‌ವೇರ್ ಅಂತ ಒಂದು ಸಾಲು ಇರುತ್ತದೆ ಅಷ್ಟೇ. ರಾತ್ರಿ ರೀಸ್ಟಾರ್ಟ್ ಕೊಟ್ಟು ಮಲಗಿದರೆ ಬೆಳಗ್ಗೆ ಹೊಸ ಬಯಾಸ್ ಕೂತಿರುತ್ತದೆ.

ಆಮೇಲೆ ಶುರುವಾಗುವುದು ಫಾರ್ಮ್ಯಾಟ್ ಪುರಾಣ. ಒಬ್ಬರು ವಿಂಡೋಸ್ ಹೊಸದಾಗಿ ಹಾಕುತ್ತಾರೆ, ಇನ್ನೊಬ್ಬರು ರ್‍ಯಾಮ್ ಬದಲಿಸುತ್ತಾರೆ, ಮತ್ತೊಬ್ಬರು ಬೋರ್ಡೇ ಹೋಗಿದೆ ಅಂತ ಹೇಳಿ ಕಳಿಸುತ್ತಾರೆ. ಬಯಾಸ್ ಇರುವುದು ಹಾರ್ಡ್ ಡಿಸ್ಕಿನಲ್ಲಲ್ಲ, ಮದರ್‌ಬೋರ್ಡ್ ಮೇಲಿನ ಎಂಟು ಕಾಲಿನ ಸಣ್ಣ ಫ್ಲ್ಯಾಶ್ ಚಿಪ್ಪಿನಲ್ಲಿ. ಹಾಗಾಗಿ ವಿಂಡೋಸ್ ಎಷ್ಟು ಸಲ ಹಾಕಿದರೂ ತೊಂದರೆ ಅಲ್ಲೇ ಉಳಿಯುತ್ತದೆ. ಹಳೇ ಬಯಾಸ್‌ಗೆ ವಾಪಸ್ ಹೋದರೆ ಸರಿಯಾಗುವ ಸಿಸ್ಟಮ್‌ಗೆ ಜನ ಹೊಸ ಬೋರ್ಡಿನ ದುಡ್ಡು ಕೊಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫ್ಲ್ಯಾಶ್ ಮಾಡುವ, ಅಂದರೆ ಚಿಪ್ಪಿಗೆ ಬಯಾಸ್ ಬರೆಯುವ ಕೆಲಸ ಹತ್ತು ನಿಮಿಷದ್ದು. ಅದಕ್ಕಿಂತ ಮುಂಚಿನ ಕೆಲಸ, ಅಂದರೆ ಬಯಾಸೇ ಕಾರಣ ಅಂತ ಖಚಿತ ಮಾಡಿಕೊಳ್ಳುವುದು, ಸರಿಯಾದ ಫೈಲ್ ಹುಡುಕುವುದು, ಕರೆಂಟ್ ಭದ್ರ ಮಾಡಿಕೊಳ್ಳುವುದು, ಇದೇ ಮುಖ್ಯ. ಇದನ್ನು ಬಿಟ್ಟು ನೇರವಾಗಿ ಫ್ಲ್ಯಾಶ್‌ಗೆ ಕೈ ಹಾಕಬೇಡಿ.

ಬಯಾಸ್‌ನಿಂದ ಹ್ಯಾಂಗ್ ಯಾಕೆ ಆಗುತ್ತದೆ

ಬಯಾಸ್ ಅಂದರೆ ಸುಮ್ನೆ ಆನ್ ಮಾಡಿದಾಗ ಕಾಣುವ ಲೋಗೋ ಅಲ್ಲ. ಈಗ ಅದರ ಸರಿಯಾದ ಹೆಸರು ಯುಇಎಫ್‌ಐ, ಆದರೂ ಎಲ್ಲರೂ ಬಯಾಸ್ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. 16 ಅಥವಾ 32 ಎಂಬಿಯ ಆ ಚಿಪ್ಪಿನಲ್ಲಿ ಪ್ರೊಸೆಸರ್‌ನ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಕೆಲಸ ನಡೆಸುವ ಸೂಚನೆಗಳು) ಇರುತ್ತದೆ, ರ್‍ಯಾಮ್ ಯಾವ ವೇಗದಲ್ಲಿ ಓಡಬೇಕು ಅಂತ ತೀರ್ಮಾನಿಸುವ ಕೋಡ್ ಇರುತ್ತದೆ, ವೋಲ್ಟೇಜ್ ಎಷ್ಟು ಕೊಡಬೇಕು, ಪ್ರೊಸೆಸರ್ ಸುಮ್ಮನಿದ್ದಾಗ ಎಷ್ಟು ಆಳದ ನಿದ್ರೆಗೆ ಹೋಗಬೇಕು, ಫ್ಯಾನ್ ಯಾವಾಗ ಜೋರಾಗಬೇಕು ಅನ್ನುವುದೂ ಅಲ್ಲೇ ಇರುತ್ತದೆ. ಹೊಸ ವರ್ಷನ್‌ನಲ್ಲಿ ಇದರಲ್ಲಿ ಯಾವುದೇ ಒಂದು ತಪ್ಪಿದರೂ ಮೇಲೆ ಓಡುವ ವಿಂಡೋಸ್ ನಿಂತುಬಿಡುತ್ತದೆ.

ದೊಡ್ಡ ಕಂಪನಿಗಳಿಗೂ ಇದು ಆಗಿದೆ. 2018ರ ಜನವರಿಯಲ್ಲಿ ಸ್ಪೆಕ್ಟರ್ ಅನ್ನುವ ಭದ್ರತಾ ದೋಷಕ್ಕೆ ಇಂಟೆಲ್ ಕೊಟ್ಟ ಮೈಕ್ರೋಕೋಡ್‌ನಿಂದ ಬ್ರಾಡ್‌ವೆಲ್, ಹ್ಯಾಸ್‌ವೆಲ್ ಪೀಳಿಗೆಯ ಪ್ರೊಸೆಸರ್‌ಗಳು ಕಾರಣವಿಲ್ಲದೆ ರೀಸ್ಟಾರ್ಟ್ ಆಗತೊಡಗಿದವು. ಆಗ ಇಂಟೆಲ್ಲೇ ಆ ಅಪ್ಡೇಟ್ ಹಂಚುವುದನ್ನು ನಿಲ್ಲಿಸಿ ಅಂತ ಕೇಳಿಕೊಂಡಿತು. 2022ರಲ್ಲಿ ಎಎಂಡಿ ಕೂಡ ಒಂದು ವಿಷಯ ಒಪ್ಪಿಕೊಂಡಿತು: ಕೆಲವು ರೈಜನ್ ಸಿಸ್ಟಮ್‌ಗಳಲ್ಲಿ ಪ್ರೊಸೆಸರ್ ಒಳಗಿನ ಟಿಪಿಎಂ (ಭದ್ರತಾ ಕೀಗಳನ್ನು ಕಾಪಾಡುವ ಭಾಗ), ಬಯಾಸ್ ಚಿಪ್ಪಿನ ಜೊತೆ ಮಾತಾಡುವಾಗ ಇಡೀ ಸಿಸ್ಟಮ್ ಕ್ಷಣಕಾಲ ತಡೆದು ತಡೆದು ನಿಲ್ಲುತ್ತಿತ್ತು. ಅದಕ್ಕೆ ಪರಿಹಾರ ಬಂದದ್ದು ಹೊಸ ಬಯಾಸ್‌ನಲ್ಲಿ. ಅಂದರೆ ಹ್ಯಾಂಗ್‌ಗೆ ಯಾವಾಗಲೂ ಹಿಂದಕ್ಕೆ ಹೋಗುವುದೇ ಮದ್ದಲ್ಲ, ಕೆಲವು ಸಲ ಮುಂದಕ್ಕೆ ಹೋಗಬೇಕು.

ಮೊದಲು ತಾರೀಖು ಹಿಡಿಯಿರಿ

ಸ್ಟಾರ್ಟ್ ಒತ್ತಿ ಸಿಸ್ಟಮ್ ಇನ್ಫರ್ಮೇಷನ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ತೆರೆಯಿರಿ. ಬಯಾಸ್ ವರ್ಷನ್ ಮತ್ತು ಡೇಟ್ ಅನ್ನುವ ಸಾಲು ಸಿಗುತ್ತದೆ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಆ ತಾರೀಖು ಕಂಪನಿ ಬಯಾಸ್ ತಯಾರಿಸಿದ ದಿನದ್ದು, ನಿಮ್ಮ ಸಿಸ್ಟಮ್‌ಗೆ ಅದು ಕೂತ ದಿನದ್ದಲ್ಲ.

ಕೂತ ದಿನ ತಿಳಿಯಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್ಡೇಟ್, ಅದರೊಳಗೆ ಅಪ್ಡೇಟ್ ಹಿಸ್ಟರಿ, ಅಲ್ಲಿ ಡ್ರೈವರ್ ಅಪ್ಡೇಟ್ಸ್ ನೋಡಿ. ಅಥವಾ ಡಿವೈಸ್ ಮ್ಯಾನೇಜರ್‌ನಲ್ಲಿ ಫರ್ಮ್‌ವೇರ್ ಅನ್ನುವ ಗುಂಪು ಬಿಡಿಸಿ, ಸಿಸ್ಟಮ್ ಫರ್ಮ್‌ವೇರ್ ಮೇಲೆ ಡಬಲ್ ಕ್ಲಿಕ್ ಮಾಡಿ, ಈವೆಂಟ್ಸ್ ಟ್ಯಾಬ್ ತೆರೆಯಿರಿ. ಅಂಗಡಿಯಲ್ಲಿ ಕಟ್ಟಿಸಿದ ಅಸೆಂಬಲ್ಡ್ ಸಿಸ್ಟಮ್ ಆದರೆ ಸಾಮಾನ್ಯವಾಗಿ ಯಾರೋ ಕೈಯಾರೆ ಫ್ಲ್ಯಾಶ್ ಮಾಡಿರುತ್ತಾರೆ, ಅವರನ್ನೇ ಕೇಳಿ.

ಈಗ ಹ್ಯಾಂಗ್ ಶುರುವಾದ ದಿನ. ಸ್ಟಾರ್ಟ್‌ನಲ್ಲಿ ರಿಲಯಬಿಲಿಟಿ ಹಿಸ್ಟರಿ ಅಂತ ಹುಡುಕಿ. ದಿನದಿನದ ಪಟ್ಟಿ ಬರುತ್ತದೆ, ಕೆಂಪು ಗುರುತು ಇದ್ದ ದಿನ ಸಿಸ್ಟಮ್ ಕೆಟ್ಟು ನಿಂತಿದೆ ಅಂತ. ಅಪ್ಡೇಟ್‌ಗೆ ಮುಂಚೆ ತಿಂಗಳುಗಟ್ಟಲೆ ಸಾಲು ಖಾಲಿ, ಅಪ್ಡೇಟ್ ಆದ ಮರುದಿನದಿಂದ ಕೆಂಪೋ ಕೆಂಪು. ಇದು ಕಂಡರೆ ಅನುಮಾನ ಗಟ್ಟಿ. ಅಪ್ಡೇಟ್‌ಗಿಂತ ಎರಡು ವಾರ ಮುಂಚೆಯೇ ಕೆಂಪು ಇದ್ದರೆ ಬಯಾಸ್‌ನ ಮೇಲೆ ತಪ್ಪು ಹೊರಿಸಬೇಡಿ, ಬೇರೆ ಕಡೆ ಹುಡುಕಿ.

ಈವೆಂಟ್ ವ್ಯೂಯರ್‌ನಲ್ಲಿ ಕರ್ನಲ್ ಪವರ್ 41 ಅನ್ನುವ ಎಂಟ್ರಿ ನೋಡಿ ಗಾಬರಿ ಆಗಬೇಡಿ. ಸಿಸ್ಟಮ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನುವುದಷ್ಟೇ ಅದರ ಅರ್ಥ. ನೀವು ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಅದು ಬರುತ್ತದೆ. ನೋಡಬೇಕಾದದ್ದು ವೀಯಾ ಲಾಗರ್ (WHEA-Logger) ಎಂಟ್ರಿಗಳನ್ನು. ಅವು ಹಾರ್ಡ್‌ವೇರ್ ಮಟ್ಟದ ತಪ್ಪನ್ನು ಹೇಳುತ್ತವೆ. ಅಪ್ಡೇಟ್ ಆದ ದಿನದಿಂದ ಅವು ಹೊಸದಾಗಿ ಕಾಣಿಸಿಕೊಂಡಿದ್ದರೆ ಪ್ರೊಸೆಸರ್ ವೋಲ್ಟೇಜ್ ಅಥವಾ ರ್‍ಯಾಮ್ ವೇಗದಲ್ಲಿ ಹೊಸ ಬಯಾಸ್ ಏನೋ ಬದಲಿಸಿದೆ ಅಂತ ಲೆಕ್ಕ.

ಯಾವ ಥರದ ಹ್ಯಾಂಗ್ ಅಂತ ಗಮನಿಸಿ

ಹ್ಯಾಂಗ್ ಆದಾಗ ತಕ್ಷಣ ಪವರ್ ಬಟನ್ ಒತ್ತಬೇಡಿ. ಒಂದು ನಿಮಿಷ ನೋಡಿ. ಮೌಸ್ ಬಾಣ ನಿಂತಿದೆಯಾ? ಕೆಳಗಿನ ಗಡಿಯಾರ ಮುಂದೆ ಹೋಗುತ್ತಿದೆಯಾ? ಕ್ಯಾಪ್ಸ್ ಲಾಕ್ ಒತ್ತಿ, ಕೀಬೋರ್ಡಿನ ದೀಪ ಹತ್ತಿ ಆರುತ್ತಿದೆಯಾ? ದೀಪ ಹತ್ತುತ್ತಿದ್ದರೆ ಒಳಗೆ ವಿಂಡೋಸ್ ಜೀವಂತ ಇದೆ, ತೆರೆ ಮಾತ್ರ ನಿಂತಿದೆ. ಆಗ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ತೆರೆ ಒಮ್ಮೆ ಮಿಟುಕಿ ವಾಪಸ್ ಬಂದರೆ ಗ್ರಾಫಿಕ್ಸ್ ಡ್ರೈವರ್ ಕಡೆ ಅನುಮಾನ ಪಡಿ. ದೀಪ ಹತ್ತುತ್ತಿಲ್ಲ, ಗಡಿಯಾರ ನಿಂತಿದೆ, ಓಡುತ್ತಿದ್ದ ಹಾಡು ಒಂದೇ ಸ್ವರದಲ್ಲಿ ಜುಂಯ್ ಅಂತಿದೆ, ಇದು ಬುಡದಿಂದಲೇ ನಿಂತ ಹ್ಯಾಂಗ್. ಬಯಾಸ್, ರ್‍ಯಾಮ್, ಬಿಸಿ, ವಿದ್ಯುತ್, ಈ ನಾಲ್ಕರಲ್ಲಿ ಒಂದು.

ಬಿಸಿಯ ಮಾತು ನಮ್ಮ ಕಡೆ ಬಹಳ ಮುಖ್ಯ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿದು. ಹೊರಗೆ ಅಷ್ಟಿದ್ದರೆ ಪತ್ರಾಸ್ ಹಾಕಿದ ಅಂಗಡಿಯೊಳಗೆ ಕ್ಯಾಬಿನೆಟ್‌ನ ಪಾಡು ಏನು? ದಾಲ್ ಮಿಲ್ ಹತ್ತಿರದ ಆಫೀಸುಗಳಲ್ಲಿ ತೊಗರಿಯ ಹೊಟ್ಟಿನ ಧೂಳು, ಶಹಾಬಾದ್ ಕಡೆ ಫರಸಿ ಕಲ್ಲು ಕೊಯ್ಯುವ ಧೂಳು, ಎರಡೂ ಹೀಟ್‌ಸಿಂಕಿನ ಎಸಳುಗಳ ಮಧ್ಯೆ ಕೂತು ಗಟ್ಟಿಯಾಗುತ್ತವೆ. ಮಧ್ಯಾಹ್ನ ಮಾತ್ರ ಹ್ಯಾಂಗ್, ಬೆಳಗ್ಗೆ ಆರಾಮ ಅಂದರೆ ಮೊದಲು ಕ್ಲೀನ್ ಮಾಡಿ, ಥರ್ಮಲ್ ಪೇಸ್ಟ್ ಹಚ್ಚಿ. ಎಚ್‌ಡಬ್ಲ್ಯು ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ಪ್ರೊಸೆಸರ್ ಶಾಖ ನೋಡಿ. 95, 100 ಡಿಗ್ರಿ ಮುಟ್ಟುತ್ತಿದ್ದರೆ ದಾರಿ ಸಿಕ್ಕಿತು. ಹೊಸ ಬಯಾಸ್ ಫ್ಯಾನ್ ವೇಗವನ್ನೇ ಇಳಿಸಿದ್ದರಿಂದಲೂ ಹೀಗೆ ಆಗಬಹುದು, ಹಾಗಾಗಿ ಫ್ಯಾನ್ ತಿರುಗುವ ಲೆಕ್ಕವನ್ನೂ ಅಲ್ಲೇ ನೋಡಿಕೊಳ್ಳಿ.

ಇನ್ನು ನನ್ನ ಮಟ್ಟಿಗೆ ಅತ್ಯಂತ ನಂಬಿಕೆಯ ಪರೀಕ್ಷೆ. ವಿಂಡೋಸ್‌ಅನ್ನು ಪೂರ್ತಿ ಪಕ್ಕಕ್ಕಿಡಿ. ಬಯಾಸ್ ಸೆಟಪ್ (ಆನ್ ಮಾಡುವಾಗ ಡಿಲೀಟ್, ಎಫ್2 ಥರದ ಕೀ ಒತ್ತಿದರೆ ಬರುತ್ತದೆ) ತೆರೆದು ಅರ್ಧ ಗಂಟೆ ಹಾಗೇ ಬಿಡಿ, ಆಗಾಗ ಬಾಣದ ಕೀ ಒತ್ತಿ ನೋಡಿ. ಅಲ್ಲೂ ಹ್ಯಾಂಗ್ ಆದರೆ ವಿಂಡೋಸ್‌ದು ಏನೂ ತಪ್ಪಿಲ್ಲ. ಅಲ್ಲಿ ಸರಿ ಇದ್ದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ ಒಂದೆರಡು ಗಂಟೆ ಓಡಿಸಿ. ಅಲ್ಲೂ ನಿಂತರೆ ಬಯಾಸ್ ಅಥವಾ ಹಾರ್ಡ್‌ವೇರ್. ಆಮೇಲೆ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿ ರ್‍ಯಾಮ್ ಸರಿ ಇದೆ ಅಂತ ನೋಡಿಕೊಂಡರೆ ಬಯಾಸ್ ಮೇಲಿನ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಫ್ಲ್ಯಾಶ್‌ಗೆ ಮುಂಚೆ ಈ ಸಣ್ಣ ಮದ್ದು

ಬಯಾಸ್‌ಗೆ ಹೋಗಿ ಲೋಡ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್ ಕೊಡಿ. ಹಳೇ ವರ್ಷನ್‌ನ ಸೆಟ್ಟಿಂಗ್‌ಗಳು ಹೊಸದರೊಳಗೆ ಉಳಿದುಕೊಂಡು ಗೊಂದಲ ಆಗುವುದು ಬಹಳ ಸಾಮಾನ್ಯ, ಇದರಿಂದಲೇ ಎಷ್ಟೋ ಸಿಸ್ಟಮ್ ಸರಿಯಾಗುತ್ತವೆ. ಆದರೆ ಕೊಡುವ ಮುಂಚೆ ಎಲ್ಲ ಪುಟಗಳ ಫೋಟೋ ತೆಗೆಯಿರಿ. ಮುಖ್ಯವಾಗಿ ಸಾಟಾ ಮೋಡ್ ಎಎಚ್‌ಸಿಐ ಇದೆಯಾ, ರೇಡ್ ಇದೆಯಾ, ಇಂಟೆಲ್ ವಿಎಂಡಿ ಆನ್ ಇದೆಯಾ ಅಂತ ಬರೆದಿಟ್ಟುಕೊಳ್ಳಿ. ಅದು ಬದಲಾದರೆ ವಿಂಡೋಸ್ ಬೂಟ್ ಆಗದೆ ನೀಲಿ ತೆರೆ ಬರುತ್ತದೆ, ಜನ ಡಿಸ್ಕೇ ಹೋಯಿತು ಅಂತ ಹೌಹಾರುತ್ತಾರೆ. ಬಿಟ್‌ಲಾಕರ್ (ಡಿಸ್ಕಿನ ಡೇಟಾಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರೆ ಅದರ ಮಾತು ಕೆಳಗೆ ಬರುತ್ತದೆ, ಡಿಫಾಲ್ಟ್ಸ್ ಕೊಡುವ ಮುಂಚೆಯೇ ಅದನ್ನು ಓದಿಕೊಳ್ಳಿ.

ಡೆಸ್ಕ್‌ಟಾಪ್ ಆದರೆ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಮೆಮೊರಿಯನ್ನು ಜಾಸ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಮಾಡಿ ರ್‍ಯಾಮ್‌ಅನ್ನು ಮಾಮೂಲಿ ವೇಗದಲ್ಲಿ ಓಡಿಸಿ ನೋಡಿ. ಹಳೇ ರೈಜನ್ ಸಿಸ್ಟಮ್ ಕೆಲಸ ಮಾಡುವಾಗ ಸರಿ ಇದ್ದು, ಸುಮ್ಮನೆ ಬಿಟ್ಟಾಗ ಮಾತ್ರ ನಿಲ್ಲುತ್ತಿದ್ದರೆ, ಪವರ್ ಸಪ್ಲೈ ಐಡಲ್ ಕಂಟ್ರೋಲ್ ಅನ್ನುವ ಸೆಟ್ಟಿಂಗ್ ಹುಡುಕಿ ಟಿಪಿಕಲ್ ಕರೆಂಟ್ ಐಡಲ್ ಅಂತ ಮಾಡಿ. ಕಂಪನಿಯ ಸೈಟಿನಲ್ಲಿ ಇನ್ನೂ ಹೊಸ ಬಯಾಸ್ ಬಂದಿದೆಯಾ ಅಂತಲೂ ನೋಡಿ. ಕೆಟ್ಟ ವರ್ಷನ್ ಬಿಟ್ಟ ಕಂಪನಿ ಸರಿ ಮಾಡಿ ಇನ್ನೊಂದು ಬಿಟ್ಟಿದ್ದರೆ ಅದೇ ಒಳ್ಳೆಯ ದಾರಿ.

ಇವರು ಹಿಂದಕ್ಕೆ ಹೋಗಲೇಬಾರದು

ಇದನ್ನು ದಯವಿಟ್ಟು ನಿಧಾನವಾಗಿ ಓದಿ.

ನಿಮ್ಮದು ಇಂಟೆಲ್ 13 ಅಥವಾ 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್, ಅದರಲ್ಲೂ ಐ7, ಐ9 ಆಗಿದ್ದರೆ, 2024ರ ಆಗಸ್ಟ್‌ಗಿಂತ ಹಿಂದಿನ ಬಯಾಸ್‌ಗೆ ಹೋಗಬೇಡಿ. ಆ ಪ್ರೊಸೆಸರ್‌ಗಳು ಅತಿಯಾದ ವೋಲ್ಟೇಜ್ ಕೇಳಿ ಕಾಲಕ್ರಮೇಣ ತಾವೇ ಹಾಳಾಗುತ್ತಿದ್ದವು. ಅದನ್ನು ತಡೆಯುವ 0ಎಕ್ಸ್129 ಮೈಕ್ರೋಕೋಡ್ ಬಂದದ್ದು ಆಗಸ್ಟ್‌ನಲ್ಲಿ, 0ಎಕ್ಸ್12ಬಿ ಸೆಪ್ಟೆಂಬರ್‌ನಲ್ಲಿ. ಹಿಂದಕ್ಕೆ ಹೋದರೆ ಆ ರಕ್ಷಣೆ ಹೋಗುತ್ತದೆ. ಅಂಥ ಸಿಸ್ಟಮ್ ಹ್ಯಾಂಗ್ ಆಗುತ್ತಿದ್ದರೆ ಪ್ರೊಸೆಸರ್ರೇ ಆಗಲೇ ಪೆಟ್ಟು ತಿಂದಿರಬಹುದು. ಬಿಡಿಯಾಗಿ ಡಬ್ಬಿಯಲ್ಲಿ ಬಂದ ಪ್ರೊಸೆಸರ್‌ಗಳಿಗೆ ಇಂಟೆಲ್ ಎರಡು ವರ್ಷ ವಾರಂಟಿ ಹೆಚ್ಚಿಸಿದೆ, ಬಿಲ್ ಹುಡುಕಿ ಇಟ್ಟುಕೊಳ್ಳಿ.

ರೈಜನ್ 7000 ಸರಣಿಯ ಎಕ್ಸ್3ಡಿ ಪ್ರೊಸೆಸರ್ ಇದ್ದರೂ ಹೀಗೇ. 2023ರಲ್ಲಿ ಕೆಲವು ಬೋರ್ಡ್‌ಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಪ್ರೊಸೆಸರ್ ಸುಟ್ಟವು, ಆಮೇಲೆ ಬಂದ ಬಯಾಸ್‌ಗಳು ಎಸ್‌ಒಸಿ ವೋಲ್ಟೇಜ್‌ಅನ್ನು 1.3 ವೋಲ್ಟ್‌ಗೆ ಕಟ್ಟಿಹಾಕಿದವು. ಅದಕ್ಕಿಂತ ಹಳೇದು ಬೇಡ.

ಮೂರನೆಯದು, ಹಳೇ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕಿಸಿದವರು. ಅಪ್ಡೇಟ್ ಮಾಡಿದ್ದೇ ಆ ಪ್ರೊಸೆಸರ್ ಗುರುತು ಹಿಡಿಯಲಿ ಅಂತ ಅಲ್ವಾ? ಅದಕ್ಕಿಂತ ಹಿಂದಕ್ಕೆ ಹೋದರೆ ತೆರೆಯೇ ಬರಲ್ಲ. ಬೋರ್ಡಿನ ಸಿಪಿಯು ಸಪೋರ್ಟ್ ಲಿಸ್ಟ್‌ನಲ್ಲಿ ನಿಮ್ಮ ಪ್ರೊಸೆಸರ್ ಎದುರಿಗೆ ಕನಿಷ್ಠ ಯಾವ ಬಯಾಸ್ ಬೇಕು ಅಂತ ಇರುತ್ತದೆ, ಅದರ ಕೆಳಗೆ ಇಳಿಯಬೇಡಿ.

ಫೈಲ್ ಹುಡುಕುವುದು

ಕಂಪನಿಯ ಅಧಿಕೃತ ಸೈಟ್ ಬಿಟ್ಟು ಬೇರೆ ಎಲ್ಲಿಂದಲೂ ಬಯಾಸ್ ಫೈಲ್ ಇಳಿಸಬೇಡಿ. ಟೆಲಿಗ್ರಾಂ ಗುಂಪಿನಲ್ಲಿ ಯಾರೋ ಕೊಟ್ಟದ್ದು, ಯಾವುದೋ ಡ್ರೈವರ್ ಸೈಟಿನದು, ಎರಡೂ ಬೇಡ.

ಲ್ಯಾಪ್‌ಟಾಪ್ ಆದರೆ ಕೆಳಗಿನ ಸ್ಟಿಕ್ಕರ್‌ನಲ್ಲಿರುವ ಸರ್ವಿಸ್ ಟ್ಯಾಗ್ ಅಥವಾ ಸೀರಿಯಲ್ ನಂಬರ್ ಹಾಕಿಯೇ ಹುಡುಕಿ. ಒಂದೇ ಹೆಸರಿನ ಲ್ಯಾಪ್‌ಟಾಪ್‌ನಲ್ಲಿ ಒಳಗಿನ ಬೋರ್ಡ್ ಬೇರೆ ಬೇರೆ ಇರುತ್ತದೆ. ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಮಾಡೆಲ್ ಹೆಸರಿನ ಜೊತೆ ರಿವಿಷನ್ ನಂಬರನ್ನೂ ನೋಡಿ. ಬೋರ್ಡಿನ ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ರೆವ್ 1.0, ರೆವ್ 1.2 ಅಂತ ಸಣ್ಣದಾಗಿ ಅಚ್ಚಾಗಿರುತ್ತದೆ, ಟಾರ್ಚ್ ಹಿಡಿದು ಓದಿ. ಹೆಸರು ಒಂದೇ, ರಿವಿಷನ್ ಬೇರೆ, ಬಯಾಸೂ ಬೇರೆ.

ಡೌನ್‌ಲೋಡ್ ಪುಟದಲ್ಲಿ ಹೊಸದು ಮಾತ್ರ ಮೇಲೆ ಕಾಣುತ್ತದೆ. ಓಲ್ಡರ್ ವರ್ಷನ್ಸ್ ಅಥವಾ ಶೋ ಆಲ್ ಅನ್ನುವುದನ್ನು ಒತ್ತಿ. ನಿಮ್ಮ ಸಿಸ್ಟಮ್ ಸರಿಯಾಗಿ ಓಡುತ್ತಿದ್ದ ವರ್ಷನ್ ನೆನಪಿದ್ದರೆ ಅದೇ ತಗೊಳ್ಳಿ, ಇಲ್ಲದಿದ್ದರೆ ಈಗಿನದಕ್ಕಿಂತ ಒಂದೇ ಹೆಜ್ಜೆ ಹಿಂದಿನದು. ಸುಮ್ನೆ ಮೂರು ವರ್ಷ ಹಿಂದಕ್ಕೆ ಹಾರುವುದರಲ್ಲಿ ಅರ್ಥವಿಲ್ಲ, ಮಧ್ಯೆ ಬಂದ ಭದ್ರತಾ ತಿದ್ದುಪಡಿಗಳೆಲ್ಲ ಹೋಗುತ್ತವೆ. ಪ್ರತಿ ವರ್ಷನ್ ಎದುರಿನ ವಿವರಣೆ ಪೂರ್ತಿ ಓದಿ. "ಇದನ್ನು ಹಾಕಿದ ಮೇಲೆ ಹಳೇದಕ್ಕೆ ಹೋಗಲು ಆಗುವುದಿಲ್ಲ" ಅನ್ನುವ ಅರ್ಥದ ಸಾಲು ಇದ್ದರೆ ಅಲ್ಲಿಗೆ ಈ ದಾರಿ ಮುಚ್ಚಿತು, ಒತ್ತಾಯ ಮಾಡಬೇಡಿ. ಕಸ್ಟಮರ್ ಕೇರ್‌ಗೆ ಬರೆಯಿರಿ. ಸೈಟಿನಲ್ಲಿ ಚೆಕ್‌ಸಮ್ (ಫೈಲ್ ಪೂರ್ತಿ ಇಳಿದಿದೆಯಾ ಅಂತ ತಾಳೆ ನೋಡುವ ಸಂಖ್ಯೆ) ಕೊಟ್ಟಿದ್ದರೆ ಇಳಿಸಿದ ಫೈಲ್‌ನದಕ್ಕೆ ಹೋಲಿಸಿ ನೋಡಿ. ನಮ್ಮ ನೆಟ್‌ವರ್ಕ್‌ನಲ್ಲಿ ಡೌನ್‌ಲೋಡ್ ಅರ್ಧಕ್ಕೆ ಕಡಿದು ಮತ್ತೆ ಹಿಡಿಯುವುದು ಮಾಮೂಲಿ.

ಬಿಟ್‌ಲಾಕರ್, ಡೇಟಾ

ಬಯಾಸ್ ಬದಲಾದ ಕೂಡಲೇ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಬಹುದು. "ನಾನು ಬಿಟ್‌ಲಾಕರ್ ಹಾಕೇ ಇಲ್ಲ" ಅನ್ನುವವರೇ ಜಾಸ್ತಿ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ತಾನಾಗೇ ಆನ್ ಆಗಿರುತ್ತದೆ, ಹೋಮ್ ಎಡಿಷನ್‌ನಲ್ಲೂ. ಮೈಕ್ರೋಸಾಫ್ಟ್ ಅಕೌಂಟ್‌ನ ಡಿವೈಸಸ್ ಪುಟದಲ್ಲಿ ರಿಕವರಿ ಕೀ ಸಿಗುತ್ತದೆ. ಅದನ್ನು ಕಾಗದದ ಮೇಲೆ ಬರೆಯಿರಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿ ಏನು ಪ್ರಯೋಜನ?

ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಬಿಟ್‌ಲಾಕರ್ ಪುಟದಲ್ಲಿ ಸಸ್ಪೆಂಡ್ ಪ್ರೊಟೆಕ್ಷನ್ ಕೊಡಿ. ಹೋಮ್ ಎಡಿಷನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಬಿಚ್ಚಿಕೊಳ್ಳುವವರೆಗೂ ಕಾಯಿರಿ. ಡೇಟಾ ಬ್ಯಾಕಪ್ ಬೇರೆ ಹಾರ್ಡ್ ಡಿಸ್ಕಿಗೆ ತಗೊಳ್ಳಿ. ಆನ್‌ಲೈನ್ ಅರ್ಜಿ ಸೆಂಟರ್, ಡಿಟಿಪಿ ಅಂಗಡಿ ನಡೆಸುವವರ ಸಿಸ್ಟಮ್‌ನಲ್ಲಿ ಗಿರಾಕಿಗಳ ಕಾಗದಪತ್ರ ಇರುತ್ತವೆ, ಅದು ನಿಮ್ಮ ಒಬ್ಬರ ಡೇಟಾ ಅಲ್ಲ.

ಕರೆಂಟ್

ಫ್ಲ್ಯಾಶ್ ನಡೆಯುವಾಗ ಚಿಪ್ಪನ್ನು ಅಳಿಸಿ ಹೊಸದಾಗಿ ಬರೆಯಲಾಗುತ್ತದೆ. ಅಳಿಸಿ ಆಗಿದೆ, ಬರೆದು ಮುಗಿದಿಲ್ಲ, ಅಷ್ಟರಲ್ಲಿ ಕರೆಂಟ್ ಹೋದರೆ ಬೋರ್ಡ್ ಡೆಡ್. ಬೇಸಿಗೆಯ ಮಧ್ಯಾಹ್ನ, ಮಳೆಗಾಲದ ಗುಡುಗಿನ ಸಂಜೆ ಈ ಕೆಲಸಕ್ಕೆ ಬೇಡವೇ ಬೇಡ. ಬೆಳಗ್ಗೆ ಬೇಗ ಮಾಡಿ.

ಮನೆಯ ಇನ್ವರ್ಟರ್ ಮೇಲೆ ಭರವಸೆ ಇಡಬೇಡಿ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕ್ಷಣದಲ್ಲಿ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುವುದನ್ನು ನೀವೂ ನೋಡಿರುತ್ತೀರಿ. ಯುಪಿಎಸ್ ಬೇಕು. ಇದೆ ಅಂದರೆ ಸಾಲದು, ಪರೀಕ್ಷೆ ಮಾಡಿ: ಸಿಸ್ಟಮ್ ಓಡುತ್ತಿರುವಾಗ, ಬೇರೆ ಏನೂ ತೆರೆಯದೆ, ಯುಪಿಎಸ್‌ನ ಸ್ವಿಚ್ ಗೋಡೆಯಲ್ಲಿ ಆಫ್ ಮಾಡಿ. ಹದಿನೈದು ನಿಮಿಷ ನಿಂತರೆ ಸರಿ. ಬೀಪ್ ಬೀಪ್ ಅಂತ ಎರಡೇ ನಿಮಿಷಕ್ಕೆ ಮಲಗಿದರೆ ಮೊದಲು ಯುಪಿಎಸ್ ಬ್ಯಾಟರಿ ಬದಲಿಸಿ, ಬಯಾಸ್ ಆಮೇಲೆ. ಪರೀಕ್ಷೆ ಆದ ಮೇಲೆ ಯುಪಿಎಸ್ ಮತ್ತೆ ಪೂರ್ತಿ ಚಾರ್ಜ್ ಆಗಲು ಬಿಡಿ, ಪ್ರಿಂಟರ್ ಅದರಿಂದ ತೆಗೆಯಿರಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಅರ್ಧಕ್ಕಿಂತ ಮೇಲಿರಬೇಕು, ಚಾರ್ಜರ್ ಹಾಕಿಯೇ ಇರಬೇಕು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ಚಾರ್ಜರ್‌ಅನ್ನು ಯುಪಿಎಸ್‌ಗೆ ಹಾಕಿ. ಆದರೂ ಬ್ಯಾಟರಿ ಇಲ್ಲ ಅಂತ ಕೆಲವು ಲ್ಯಾಪ್‌ಟಾಪ್ ಫ್ಲ್ಯಾಶ್ ಶುರು ಮಾಡುವುದೇ ಇಲ್ಲ, ಆಗ ಬ್ಯಾಟರಿ ಹಾಕಿಸಲೇಬೇಕು.

ಈಗ ಫ್ಲ್ಯಾಶ್

ವಿಂಡೋಸ್ ಒಳಗಿಂದ ಫ್ಲ್ಯಾಶ್ ಮಾಡಬೇಡಿ. ಹ್ಯಾಂಗ್ ಆಗುವ ಸಿಸ್ಟಮ್ ಅದು, ಫ್ಲ್ಯಾಶ್ ಮಧ್ಯದಲ್ಲೇ ಹ್ಯಾಂಗ್ ಆದರೆ? ಬಯಾಸ್ ಒಳಗಿನ ಫ್ಲ್ಯಾಶ್ ಸೌಲಭ್ಯದಿಂದಲೇ ಮಾಡಿ.

1. 32 ಜಿಬಿ ಅಥವಾ ಅದಕ್ಕಿಂತ ಸಣ್ಣ ಪೆನ್‌ಡ್ರೈವ್ ತಗೊಂಡು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ. ಎನ್‌ಟಿಎಫ್‌ಎಸ್ ಬಹಳ ಬೋರ್ಡ್‌ಗಳಿಗೆ ಕಾಣಲ್ಲ.
2. ಜಿಪ್ ಬಿಚ್ಚಿ ಬಯಾಸ್ ಫೈಲ್‌ಅನ್ನು ಪೆನ್‌ಡ್ರೈವ್ ತೆರೆದ ಕೂಡಲೇ ಕಾಣುವ ಹಾಗೆ ನೇರವಾಗಿ ಅದರಲ್ಲೇ ಇಡಿ, ಫೋಲ್ಡರ್ ಒಳಗೆ ಬೇಡ.
3. ಪ್ರಿಂಟರ್, ವೆಬ್‌ಕ್ಯಾಮ್, ಹೊರಗಿನ ಡಿಸ್ಕ್ ಎಲ್ಲ ತೆಗೆಯಿರಿ. ಪೆನ್‌ಡ್ರೈವ್ ಹಿಂದಿನ ಪೋರ್ಟ್‌ಗೆ ಹಾಕಿ.
4. ಬಯಾಸ್‌ಗೆ ಹೋಗಿ ಡಿಫಾಲ್ಟ್ಸ್ ಲೋಡ್ ಮಾಡಿ, ಸೇವ್ ಮಾಡಿ, ಮತ್ತೆ ಬಯಾಸ್‌ಗೇ ಬನ್ನಿ.
5. ಫ್ಲ್ಯಾಶ್ ಸೌಲಭ್ಯ ತೆರೆದು ಫೈಲ್ ಆರಿಸಿ, ತೆರೆಯಲ್ಲಿ ತೋರಿಸುವ ವರ್ಷನ್ ನಂಬರ್ ಓದಿ, ಸರಿ ಇದ್ದರೆ ಮುಂದುವರಿಸಿ.

ಯಾವ ಕಂಪನಿಯಲ್ಲಿ ಏನು ಹೆಸರು ಅಂತ ಹೇಳುತ್ತೇನೆ. ಆಸುಸ್ ಬೋರ್ಡಿನಲ್ಲಿ ಡಿಲೀಟ್ ಅಥವಾ ಎಫ್2 ಒತ್ತಿ ಒಳಗೆ ಹೋದರೆ ಈಜಿ ಫ್ಲ್ಯಾಶ್. ಗಿಗಾಬೈಟ್‌ನಲ್ಲಿ ಕ್ಯೂ ಫ್ಲ್ಯಾಶ್, ಆನ್ ಆಗುವಾಗ ಎಂಡ್ ಕೀ ಒತ್ತಿದರೆ ನೇರ ಅಲ್ಲಿಗೇ ಹೋಗುತ್ತದೆ. ಎಂಎಸ್‌ಐನಲ್ಲಿ ಎಂ ಫ್ಲ್ಯಾಶ್, ಎಎಸ್‌ರಾಕ್‌ನಲ್ಲಿ ಇನ್‌ಸ್ಟಂಟ್ ಫ್ಲ್ಯಾಶ್.

ಲ್ಯಾಪ್‌ಟಾಪ್‌ಗಳಲ್ಲಿ ಹಿಂದಕ್ಕೆ ಹೋಗಲು ಬಿಡದ ಬೀಗವೊಂದು ಇರುತ್ತದೆ, ಮೊದಲು ಅದನ್ನು ತೆಗೆಯಬೇಕು. ಡೆಲ್‌ನಲ್ಲಿ ಎಫ್2 ಒತ್ತಿ ಸೆಟಪ್‌ಗೆ ಹೋಗಿ ಅಲೋ ಬಯಾಸ್ ಡೌನ್‌ಗ್ರೇಡ್ ಅನ್ನುವುದು ಆನ್ ಇದೆಯಾ ನೋಡಿ, ಆಮೇಲೆ ಎಫ್12 ಮೆನುವಿನಲ್ಲಿ ಬಯಾಸ್ ಫ್ಲ್ಯಾಶ್ ಅಪ್ಡೇಟ್ ಆರಿಸಿ. ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಸೆಕ್ಯುರಿಟಿ ಪುಟದ ಬಯಾಸ್ ಅಪ್ಡೇಟ್ ಭಾಗದಲ್ಲಿ ಸೆಕ್ಯೂರ್ ರೋಲ್‌ಬ್ಯಾಕ್ ಪ್ರಿವೆನ್ಷನ್ ಆಫ್ ಮಾಡಿ. ಐಡಿಯಾಪ್ಯಾಡ್, ಲೀಜನ್‌ನ ಹಲವು ಮಾಡೆಲ್‌ಗಳಲ್ಲಿ ಇದರ ಹೆಸರು ಬಯಾಸ್ ಬ್ಯಾಕ್ ಫ್ಲ್ಯಾಶ್, ಅದನ್ನು ಆನ್ ಮಾಡಬೇಕು. ಎಚ್‌ಪಿಯಲ್ಲಿ ಸೈಟಿನಿಂದ ಇಳಿಸಿದ ಫೈಲ್ ಓಡಿಸಿದಾಗ ರಿಕವರಿ ಪೆನ್‌ಡ್ರೈವ್ ಮಾಡುವ ಆಯ್ಕೆ ಸಿಗುತ್ತದೆ, ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ಮಾಡಿಕೊಳ್ಳಿ.

ಶುರುವಾದ ಮೇಲೆ ಕೈ ಕಟ್ಟಿ ಕೂತಿರಿ. ಪಟ್ಟಿ ಒಂದೇ ಕಡೆ ನಿಂತ ಹಾಗೆ ಕಾಣಬಹುದು, ತೆರೆ ಕಪ್ಪಾಗಬಹುದು, ಫ್ಯಾನ್ ಜೋರಾಗಿ ತಿರುಗಬಹುದು, ತಾನಾಗೇ ಎರಡು ಮೂರು ಸಲ ರೀಸ್ಟಾರ್ಟ್ ಆಗಬಹುದು. ಡಿಡಿಆರ್5 ರ್‍ಯಾಮ್ ಇರುವ ಸಿಸ್ಟಮ್‌ಗಳು ಮೊದಲ ಸಲ ಆನ್ ಆಗಲು ಹಲವು ನಿಮಿಷ ತಗೊಳ್ಳುತ್ತವೆ, ರ್‍ಯಾಮ್‌ಅನ್ನು ಹೊಸದಾಗಿ ಅಳೆದು ಹೊಂದಿಸಿಕೊಳ್ಳುತ್ತಿರುತ್ತವೆ. ಅರ್ಧ ಗಂಟೆಯಾದರೂ ಪವರ್ ಬಟನ್ ಮುಟ್ಟಬೇಡಿ.

ಏನೂ ಬರಲಿಲ್ಲ ಅಂದರೆ

ಅಲ್ಲಿಗೇ ಮುಗಿಯಿತು ಅಂದುಕೊಳ್ಳಬೇಡಿ. ಡೆಸ್ಕ್‌ಟಾಪ್ ಆದರೆ ಪ್ಲಗ್ ತೆಗೆದು, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಬಿಚ್ಚಿ, ಐದು ನಿಮಿಷ ಬಿಟ್ಟು ಹಾಕಿ. ಆಗಲಿಲ್ಲ ಅಂದರೆ ಬೋರ್ಡಿನ ಹಿಂದೆ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯಾ ನೋಡಿ. ಪ್ರೊಸೆಸರ್, ರ್‍ಯಾಮ್ ಇಲ್ಲದೆಯೂ ಅದು ಕೆಲಸ ಮಾಡುತ್ತದೆ. ಫೈಲ್‌ಗೆ ಕಂಪನಿ ಹೇಳಿದ ಹೆಸರನ್ನೇ ಇಡಬೇಕು, ಉದಾಹರಣೆಗೆ ಗಿಗಾಬೈಟ್‌ಗೆ ಗಿಗಾಬೈಟ್ ಡಾಟ್ ಬಿನ್, ಎಂಎಸ್‌ಐಗೆ ಎಂಎಸ್‌ಐ ಡಾಟ್ ರಾಮ್. ಗುರುತು ಹಾಕಿದ ಯುಎಸ್‌ಬಿ ಪೋರ್ಟ್‌ಗೇ ಪೆನ್‌ಡ್ರೈವ್ ಹಾಕಿ ಬಟನ್ ಒತ್ತಿದರೆ ದೀಪ ಮಿನುಗತೊಡಗುತ್ತದೆ, ಅದು ಆರುವವರೆಗೆ ಕಾಯಿರಿ. ಕೆಲವು ಗಿಗಾಬೈಟ್ ಬೋರ್ಡ್‌ಗಳಲ್ಲಿ ಎರಡು ಬಯಾಸ್ ಚಿಪ್ ಇರುತ್ತವೆ, ಒಂದು ಕೆಟ್ಟರೆ ಇನ್ನೊಂದು ಎಬ್ಬಿಸುತ್ತದೆ.

ಡೆಲ್ ಲ್ಯಾಪ್‌ಟಾಪ್‌ನಲ್ಲಿ ಚಾರ್ಜರ್ ತೆಗೆದು ಕಂಟ್ರೋಲ್ ಮತ್ತು ಎಸ್ಕೇಪ್ ಒತ್ತಿ ಹಿಡಿದು ಚಾರ್ಜರ್ ಹಾಕಿದರೆ ರಿಕವರಿ ತೆರೆ ಬರುತ್ತದೆ. ಎಚ್‌ಪಿಯಲ್ಲಿ ವಿಂಡೋಸ್ ಕೀ ಮತ್ತು ಬಿ ಹಿಡಿದುಕೊಂಡು ಪವರ್ ಬಟನ್ ಎರಡು ಮೂರು ಸೆಕೆಂಡ್ ಒತ್ತಿ.

ಇದ್ಯಾವುದೂ ಆಗದಿದ್ದರೆ ಉಳಿಯುವುದು ಪ್ರೋಗ್ರಾಮರ್. ಸಿಎಚ್341ಎ ಅನ್ನುವ ಸಣ್ಣ ಯಂತ್ರದಿಂದ ಚಿಪ್‌ಗೆ ನೇರವಾಗಿ ಬರೆಯುವುದು. ಚಿಪ್ ಲೆವೆಲ್ ಕೆಲಸ ಮಾಡುವವರು ಊರಲ್ಲೇ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಬೀದರ್‌ನವರಿಗೆ, ಕಲಬುರಗಿಯವರಿಗೆ ಬೆಂಗಳೂರಿನ ಎಸ್.ಪಿ. ರೋಡ್‌ಗಿಂತ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಹತ್ತಿರ. ಯಾರ ಕೈಗೆ ಕೊಟ್ಟರೂ ಎರಡು ಮಾತು ಹೇಳಿ. ಒಂದು, ಬರೆಯುವ ಮುಂಚೆ ಚಿಪ್‌ನಲ್ಲಿ ಇರುವುದನ್ನು ಓದಿ ಸೇವ್ ಮಾಡಿಕೊಳ್ಳಲಿ, ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್, ವಿಂಡೋಸ್ ಲೈಸೆನ್ಸ್ ಅದರಲ್ಲೇ ಇರುತ್ತದೆ. ಎರಡು, ಚಿಪ್ 3.3 ವೋಲ್ಟ್‌ನದೋ 1.8 ವೋಲ್ಟ್‌ನದೋ ನೋಡಿಕೊಳ್ಳಲಿ, 1.8ರ ಚಿಪ್‌ಗೆ ಅಡಾಪ್ಟರ್ ಇಲ್ಲದೆ ಹಾಕಿದರೆ ಚಿಪ್ಪೇ ಹೋಗುತ್ತದೆ. ವಾರಂಟಿ ಇದ್ದರೆ ಇದ್ಯಾವುದೂ ಬೇಡ, ಬಿಚ್ಚದೆ ಸರ್ವಿಸ್ ಸೆಂಟರ್‌ಗೆ ಕೊಡಿ.

ಆನ್ ಆದ ಮೇಲೆ

ರೈಜನ್ ಸಿಸ್ಟಮ್ ಆದರೆ ಎಫ್‌ಟಿಪಿಎಂ (ಪ್ರೊಸೆಸರ್ ಒಳಗಿನ ಟಿಪಿಎಂ) ರೀಸೆಟ್ ಮಾಡಲೇ ಅಂತ ಕೇಳಿ ವೈ ಅಥವಾ ಎನ್ ಒತ್ತಲು ಹೇಳಬಹುದು. ಬಿಟ್‌ಲಾಕರ್ ರಿಕವರಿ ಕೀ ಕೈಯಲ್ಲಿಲ್ಲದೆ ವೈ ಒತ್ತಬೇಡಿ. ಆಮೇಲೆ ಬಯಾಸ್‌ಗೆ ಹೋಗಿ ವರ್ಷನ್ ನಿಜವಾಗಿ ಬದಲಾಗಿದೆಯಾ ನೋಡಿ, ಮತ್ತೆ ಡಿಫಾಲ್ಟ್ಸ್ ಕೊಡಿ, ಫೋಟೋ ನೋಡಿಕೊಂಡು ಸಾಟಾ ಮೋಡ್, ವಿಎಂಡಿ, ಬೂಟ್ ಮೋಡ್ ಮೊದಲಿನ ಹಾಗೇ ಮಾಡಿ. ತಾರೀಖು, ಸಮಯ ಸರಿ ಮಾಡಿ, ತಾರೀಖು ತಪ್ಪಿದ್ದರೆ ಸರ್ಕಾರಿ ಪೋರ್ಟಲ್‌ಗಳೂ ತೆರೆಯುವುದಿಲ್ಲ. ಎಕ್ಸ್‌ಎಂಪಿ ಈಗಲೇ ಬೇಡ. ಮೊದಲು ಕೆಲವು ದಿನ ಮಾಮೂಲಿ ವೇಗದಲ್ಲಿ ಓಡಲಿ, ಹ್ಯಾಂಗ್ ಇಲ್ಲ ಅಂತ ಖಾತ್ರಿಯಾದ ಮೇಲೆ ಆನ್ ಮಾಡಿ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಗೊತ್ತಾಗಲ್ಲ.

ವಿಂಡೋಸ್ ಬಂದ ಮೇಲೆ ಬಿಟ್‌ಲಾಕರ್ ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ.

ಅದೇ ಅಪ್ಡೇಟ್ ಮತ್ತೆ ಬರದ ಹಾಗೆ

ಇದನ್ನು ಬಿಟ್ಟರೆ ಪಟ್ಟ ಕಷ್ಟವೆಲ್ಲ ನೀರುಪಾಲು, ಯಾಕೆಂದರೆ ಮುಂದಿನ ವಿಂಡೋಸ್ ಅಪ್ಡೇಟ್‌ನಲ್ಲಿ ಅದೇ ಕೆಟ್ಟ ಬಯಾಸ್ ಮತ್ತೆ ಕೂರುತ್ತದೆ. ಬಯಾಸ್ ಒಳಗೇ ತಡೆಯುವುದು ಎಲ್ಲಕ್ಕಿಂತ ಗಟ್ಟಿ. ಡೆಲ್‌ನಲ್ಲಿ ಯುಇಎಫ್‌ಐ ಕ್ಯಾಪ್ಸೂಲ್ ಫರ್ಮ್‌ವೇರ್ ಅಪ್ಡೇಟ್ಸ್, ಥಿಂಕ್‌ಪ್ಯಾಡ್‌ನಲ್ಲಿ ವಿಂಡೋಸ್ ಯುಇಎಫ್‌ಐ ಫರ್ಮ್‌ವೇರ್ ಅಪ್ಡೇಟ್, ಎಚ್‌ಪಿ ಬಿಸಿನೆಸ್ ಮಾಡೆಲ್‌ಗಳಲ್ಲಿ ನೇಟಿವ್ ಓಎಸ್ ಫರ್ಮ್‌ವೇರ್ ಅಪ್ಡೇಟ್ ಸರ್ವಿಸ್, ಇವನ್ನು ಆಫ್ ಮಾಡಿ. ಅಂಥ ಆಯ್ಕೆ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಪ್ರೊ ಇದ್ದರೆ ಗ್ರೂಪ್ ಪಾಲಿಸಿಯಲ್ಲಿ ವಿಂಡೋಸ್ ಅಪ್ಡೇಟ್ ಜೊತೆ ಡ್ರೈವರ್‌ಗಳು ಬರದಂತೆ ಮಾಡಬಹುದು, ಆದರೆ ಆಗ ಬೇರೆ ಡ್ರೈವರ್‌ಗಳೂ ನಿಲ್ಲುತ್ತವೆ, ಅವನ್ನು ಕೈಯಾರೆ ಹಾಕಿಕೊಳ್ಳಬೇಕು. ಸಪೋರ್ಟ್ ಅಸಿಸ್ಟ್, ವ್ಯಾಂಟೇಜ್, ಮೈ ಆಸುಸ್ ಥರದ ಕಂಪನಿಯ ಆ್ಯಪ್‌ಗಳಲ್ಲೂ ಆಟೋಮ್ಯಾಟಿಕ್ ಅಪ್ಡೇಟ್ ಆಫ್ ಮಾಡಿ.

ಕೊನೆಗೆ, ನಿಮ್ಮ ಮಾಡೆಲ್, ಕೆಟ್ಟ ವರ್ಷನ್ ನಂಬರ್, ಹ್ಯಾಂಗ್ ಆಗುತ್ತಿದ್ದ ರೀತಿ, ಯಾವ ವರ್ಷನ್‌ಗೆ ಹೋದ ಮೇಲೆ ಸರಿಯಾಯಿತು ಅನ್ನುವ ನಾಲ್ಕು ವಿವರ ಕಂಪನಿಯ ಸಪೋರ್ಟ್‌ಗೆ ಬರೆದು ಕಳಿಸಿ. ಎರಡು ತಿಂಗಳಿಗೊಮ್ಮೆ ಅವರ ಡೌನ್‌ಲೋಡ್ ಪುಟ ನೋಡುತ್ತಿರಿ. ಕೆಟ್ಟದ್ದರ ನಂತರದ ವರ್ಷನ್ ಬಂದು, ವಿವರಣೆಯಲ್ಲಿ ಹ್ಯಾಂಗ್ ಅಥವಾ ಸ್ಟೆಬಿಲಿಟಿ ಸರಿ ಮಾಡಿದ್ದೇವೆ ಅಂತ ಇದ್ದರೆ, ಇದೇ ಕ್ರಮದಲ್ಲಿ, ಇದೇ ಯುಪಿಎಸ್ ಮೇಲೆ ಅದನ್ನು ಹಾಕಿ, ತಡೆಹಿಡಿದ ಆಯ್ಕೆಗಳನ್ನು ಮತ್ತೆ ಆನ್ ಮಾಡಿಕೊಳ್ಳಿ.